ಪಂಪಿಂಗ್ ಏರಿದೆಯೋ ಇಳಿದಿದೆಯೋ: ಹೃದಯ ವೈಫಲ್ಯದ ಮಾತ್ರೆ ಶುರುವಾದ ಮೇಲಿನ ಒಂದು ವರ್ಷದ ಅಳತೆ

ಫೈಲಿನಲ್ಲಿ ಮೂರು ಎಕೋ (ಹೃದಯದ ಅಲ್ಟ್ರಾಸೌಂಡ್) ರಿಪೋರ್ಟ್ ಇದ್ದವು. ಮೊದಲನೆಯದರಲ್ಲಿ ಇಎಫ್, ಅಂದರೆ ಪಂಪಿಂಗ್ ಅಳತೆ, ಶೇ. 28. ಆರು ವಾರ ಬಿಟ್ಟು ಬೇರೆ ಕಡೆ ಮಾಡಿಸಿದ್ದರಲ್ಲಿ 40. ಅದಾದ ಹತ್ತೇ ದಿನಕ್ಕೆ ಇನ್ನೊಂದು ಕಡೆ ‘30ರಿಂದ 35’. ಮಗ ಕೇಳಿದ್ದು ಒಂದೇ ಪ್ರಶ್ನೆ: “ಸರ್, ಅಪ್ಪಂಗೆ ಪಂಪಿಂಗ್ ಏರಿದೆಯೋ ಇಳಿದಿದೆಯೋ?” ಇಷ್ಟು ಮಾತ್ರೆ ನುಂಗಿದ್ದಕ್ಕೆ ಫಲ ಸಿಗುತ್ತಿದೆಯೇ ಎಂಬುದು ಆ ಪ್ರಶ್ನೆಯ ಒಳಗಿನ ಚಿಂತೆ. ಆ ಮೂರು ಕಾಗದ ಮುಂದಿಟ್ಟುಕೊಂಡು ಅದಕ್ಕೆ ಉತ್ತರ ಹೇಳುವುದು ಆಗದ ಮಾತು. ಒಂದೊಂದನ್ನೂ ಒಂದೊಂದು ವಿಧಾನದಲ್ಲಿ, ಬೇರೆ ಬೇರೆ ಬಿಪಿ ಇದ್ದಾಗ, ಬೇರೆ ಬೇರೆಯವರು ಅಳೆದಿದ್ದರು.

ಬೆಂಗಳೂರಿನ ಎಕೋ ಕೊಠಡಿಗಳಲ್ಲಿ ಇಂಥ ಫೈಲುಗಳು ದಿನಾ ಬರುತ್ತವೆ. ಈ ರೋಗಿಯ ಒಂದು ವರ್ಷದ ಅಳತೆಯನ್ನೇ ಹಿಡಿದು, ಔಷಧಿ ನಡೆಯುತ್ತಿರುವಾಗ ಹೃದಯದ ಸ್ನಾಯುವಿನ ಬಲವನ್ನು ಹೇಗೆ ನೋಡುತ್ತೇವೆ, ಎಲ್ಲೆಲ್ಲಿ ತಪ್ಪುತ್ತದೆ ಎಂದು ಹೇಳುತ್ತೇವೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇವೆ. 58 ವರ್ಷ, ಎತ್ತರ 165 ಸೆಂ.ಮೀ., ಊತ ಇಳಿದ ಮೇಲಿನ ತೂಕ 64 ಕೆ.ಜಿ., ಕೆ.ಆರ್. ಮಾರುಕಟ್ಟೆಯಲ್ಲಿ ಹೂವಿನ ವ್ಯಾಪಾರ. ಬೆಳಗಿನ ಜಾವ ಮೂಟೆ ಎತ್ತುವಾಗ ಏದುಸಿರು, ಸಂಜೆ ಹೊತ್ತಿಗೆ ಕಾಲು ಊತ. ಆಂಜಿಯೋಗ್ರಾಂನಲ್ಲಿ ರಕ್ತನಾಳಗಳು ಚೊಕ್ಕಟವಾಗಿದ್ದವು. ಸ್ನಾಯುವೇ ಸೋತು ಹಿಗ್ಗಿದ ಹೃದಯ. ವೈದ್ಯರ ಭಾಷೆಯಲ್ಲಿ ಡೈಲೇಟೆಡ್ ಕಾರ್ಡಿಯೋಮಯೋಪತಿ.

ಇಎಫ್ ಎಂದರೆ ಎಜೆಕ್ಷನ್ ಫ್ರ್ಯಾಕ್ಷನ್. ದೇಹಕ್ಕೆ ರಕ್ತ ತಳ್ಳುವ ಕೋಣೆಯಾದ ಎಡ ಹೃತ್ಕುಕ್ಷಿ ಪೂರ್ತಿ ತುಂಬಿದಾಗ ಇರುವ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಹೋಯಿತು ಎಂಬ ಲೆಕ್ಕ. ಇವರದು ತುಂಬಿದಾಗ 190 ಮಿ.ಲೀ., ಹಿಂಡಿದ ಮೇಲೆ ಉಳಿದದ್ದು 137. ಹೊರಟದ್ದು 53. ಐವತ್ಮೂರನ್ನು ನೂರತೊಂಬತ್ತರಿಂದ ಭಾಗಿಸಿದರೆ ಶೇ. 28. ಎಷ್ಟೋ ಮನೆಯವರು ಇದನ್ನು ಪರೀಕ್ಷೆಯ ಅಂಕದಂತೆ ನೂರಕ್ಕೆ ಇಪ್ಪತ್ತೆಂಟು ಎಂದು ಓದಿ ಕಂಗಾಲಾಗುತ್ತಾರೆ. ಆರೋಗ್ಯವಂತ ಗಂಡಸಿನಲ್ಲೂ ಇದು 52ರಿಂದ 72, ಹೆಂಗಸಿನಲ್ಲಿ 54ರಿಂದ 74. ನೂರು ಯಾರಿಗೂ ಇರುವುದಿಲ್ಲ.

ನಾವು ಇಎಫ್‌ಗಿಂತ ಮೊದಲು ನೋಡುವುದು ಆ 137ನ್ನು, ಅಂದರೆ ಹಿಂಡಿದ ಮೇಲೂ ಒಳಗೆ ಉಳಿದ ರಕ್ತವನ್ನು. ಶೇಕಡಾವಾರು ಎನ್ನುವುದು ಎರಡು ಅಳತೆಗಳ ಭಾಗಾಕಾರ. ಅದು ಏರಿದಾಗ ಹೃದಯ ಕುಗ್ಗಿ ಏರಿತೋ, ಅಳೆದವರ ಕೈ ಜಾರಿ ಏರಿತೋ ಎಂಬುದು ಮಿಲಿಲೀಟರ್ ನೋಡಿದರಷ್ಟೇ ತಿಳಿಯುತ್ತದೆ. ರಿಪೋರ್ಟಿನಲ್ಲಿ ಈ ಎರಡು ಗಾತ್ರಗಳೂ ಇಲ್ಲದೆ ಬರೀ ಇಎಫ್ ಇದ್ದರೆ, ಮುಂದಿನ ಸಲ ಹೋಲಿಸಲು ಅದು ಸಾಲದು.

ಅಳತೆ ಕೆಡುವುದು ಪ್ರೋಬ್ (ಎಕೋ ಯಂತ್ರದ ಕೈಹಿಡಿ) ಎದೆಗಿಡುವ ಮುಂಚೆಯೇ ಶುರುವಾಗುತ್ತದೆ. ತುಮಕೂರು, ಕೋಲಾರ, ರಾಮನಗರ ಕಡೆಯಿಂದ ಬಸ್ಸಿನಲ್ಲಿ ಬರುವವರು ಅವತ್ತು ಬೆಳಿಗ್ಗೆ ನೀರಿನ ಮಾತ್ರೆ ಬಿಟ್ಟು ಬರುತ್ತಾರೆ. ದಾರಿಯಲ್ಲಿ ಪದೇ ಪದೇ ಮೂತ್ರಕ್ಕೆ ಎಲ್ಲಿ ಇಳಿಯುವುದು? ಅವರ ತೊಂದರೆ ನಿಜವೇ. ಕೆಲವರು ‘ಟೆಸ್ಟ್ ಇದೆಯಲ್ಲ’ ಎಂದು ಖಾಲಿ ಹೊಟ್ಟೆಯಲ್ಲಿ, ಎಲ್ಲ ಮಾತ್ರೆಗಳನ್ನೂ ಬಿಟ್ಟು ಬರುತ್ತಾರೆ. ಎದೆಯ ಮೇಲಿಂದ ಮಾಡುವ ಮಾಮೂಲಿ ಎಕೋಗೆ ಉಪವಾಸ ಬೇಕಿಲ್ಲ. ಮಾತ್ರೆ ಬಿಟ್ಟರೆ ಬಿಪಿ ಏರುತ್ತದೆ. ಸೋತ ಹೃದಯಕ್ಕೆ ಏರಿದ ಬಿಪಿಯ ಎದುರು ರಕ್ತ ತಳ್ಳುವುದು ಕಷ್ಟ, ಉಳಿಕೆ ಹೆಚ್ಚುತ್ತದೆ, ಇಎಫ್ ಇಳಿದಂತೆ ಕಾಣುತ್ತದೆ. ಸ್ನಾಯು ಹಿಂದಿನ ತಿಂಗಳಿನಷ್ಟೇ ಗಟ್ಟಿಯಾಗಿದ್ದರೂ ರಿಪೋರ್ಟು ಹದಗೆಟ್ಟಿರುತ್ತದೆ. ಹಾಗಾಗಿ ಅಪಾಯಿಂಟ್‌ಮೆಂಟ್ ಕೊಡುವಾಗಲೇ ಹೇಳುತ್ತೇವೆ: ಎಂದಿನ ಮಾತ್ರೆ ಎಂದಿನ ಹೊತ್ತಿಗೆ, ತಿಂಡಿ ತಿಂದೇ ಬನ್ನಿ. ಪ್ರಯಾಣಕ್ಕೆ ಅಡ್ಡಿಯಾದರೆ ನೀರಿನ ಮಾತ್ರೆಯ ಸಮಯವನ್ನು ಯಾವಾಗಿಗೆ ಬದಲಿಸಬೇಕು ಎಂದು ನಿಮ್ಮ ವೈದ್ಯರನ್ನು ಕೇಳಿಕೊಳ್ಳಿ, ತಪ್ಪಿಸಬೇಡಿ.

ಬಂದ ಮೇಲೆ ಹತ್ತು ನಿಮಿಷ ಕೂರಿಸುತ್ತೇವೆ. ಮೆಟ್ರೋ ಮೆಟ್ಟಿಲು ಹತ್ತಿಳಿದು, ಟ್ರಾಫಿಕ್ಕಿನಲ್ಲಿ ಆಟೋದವರ ಜೊತೆ ಚೌಕಾಸಿ ಮಾಡಿ ಬಂದವರ ಹೃದಯ ನಿಮಿಷಕ್ಕೆ 110 ಬಡಿಯುತ್ತಿದ್ದರೆ ಆ ಅಳತೆ ಹೋಲಿಕೆಗೆ ಬರುವುದಿಲ್ಲ. ಆಮೇಲೆ ತೂಕ, ಬಿಪಿ, ನಾಡಿ. ಮೊದಲ ದಿನ ಇವರ ಬಿಪಿ 118/76, ಬಡಿತ 96. ಈ ಎರಡು ಅಂಕಿ ಎಕೋ ಕಾಗದದ ಮೇಲೇ ಇರಬೇಕು, ಇನ್ನೊಂದು ಚೀಟಿಯಲ್ಲಲ್ಲ.

“ಯಜಮಾನ್ರೇ, ಎಡಮಗ್ಗುಲಿಗೆ ತಿರುಗಿ, ಎಡಗೈ ತಲೆ ಕೆಳಗಿಡಿ.” ಹೀಗೆ ಮಲಗಿದರೆ ಹೃದಯ ಎದೆಗೂಡಿನ ಗೋಡೆಗೆ ಹತ್ತಿರ ಬರುತ್ತದೆ, ಪಕ್ಕೆಲುಬುಗಳ ನಡುವಿನ ಸಂದು ಅಗಲವಾಗುತ್ತದೆ. ಏದುಸಿರು ಇರುವವರನ್ನು ಚಪ್ಪಟೆ ಮಲಗಿಸಬಾರದು, ಮಂಚದ ತಲೆಭಾಗ ಎತ್ತಬೇಕು. ಎಕೋ ಮಂಚದಲ್ಲಿ ಎಡ ಎದೆಯ ಕೆಳಗೆ ಹಾಸಿಗೆಯ ಒಂದು ತುಂಡು ತೆಗೆಯಲು ಬರುತ್ತದೆ. ಅದನ್ನು ತೆಗೆಯದೇ ಪ್ರೋಬ್ ಹಿಡಿದರೆ ಹೃದಯದ ತುದಿಯವರೆಗೆ ಕೈ ಹೋಗುವುದಿಲ್ಲ. ಅತಿ ದೊಡ್ಡ ತಪ್ಪು ಇಲ್ಲೇ ಆಗುತ್ತದೆ.

ಎಡ ಹೃತ್ಕುಕ್ಷಿಯನ್ನು ಎಳನೀರು ಕಾಯಿಯ ಆಕಾರ ಎಂದುಕೊಳ್ಳಿ. ಕೆಳಗಿನ ತುದಿಯಿಂದ ನೆಟ್ಟಗೆ ನೋಡಿದರೆ ಪೂರ್ತಿ ಉದ್ದ ಸಿಗುತ್ತದೆ. ಪ್ರೋಬ್ ಒಂದು ಪಕ್ಕೆಲುಬು ಮೇಲಿದ್ದರೆ ಕಾಯನ್ನು ಓರೆಯಾಗಿ ಕತ್ತರಿಸಿದ ಹಾಗೆ, ಗಿಡ್ಡದಾದ ದುಂಡಗಿನ ಚಿತ್ರ ಬರುತ್ತದೆ. ಆಗ ತುದಿಯೆಂದು ಕಾಣುವುದು ನಿಜವಾದ ತುದಿಯಲ್ಲ, ಪಕ್ಕದ ಗೋಡೆ. ಅದು ಒಳಕ್ಕೆ ಚೆನ್ನಾಗಿ ಸರಿಯುತ್ತದೆ. ಗಾತ್ರ ಕಡಿಮೆಯಾಗಿ ಇಎಫ್ ಹೆಚ್ಚಾಗಿ ಬರುತ್ತದೆ. ನಿಜವಾದ ತುದಿಯ ಗುರುತು ಎಂದರೆ ಅದು ತೆಳ್ಳಗಿರುತ್ತದೆ, ಹೆಚ್ಚು ಅಲುಗುವುದಿಲ್ಲ. ಪರದೆಯ ಮೇಲೆ ತುದಿ ದುಂಡಗಿದ್ದು ಕುಣಿಯುತ್ತಿದ್ದರೆ ಪ್ರೋಬನ್ನು ಒಂದು ಸಂದು ಕೆಳಕ್ಕೆ, ಸ್ವಲ್ಪ ಪಕ್ಕೆಯ ಕಡೆಗೆ ಇಳಿಸಬೇಕು. ನಾಲ್ಕು ಕೋಣೆಯ ನೋಟ, ಎರಡು ಕೋಣೆಯ ನೋಟ, ಈ ಎರಡರಲ್ಲೂ ಉದ್ದ ಹೆಚ್ಚೂಕಡಿಮೆ ಒಂದೇ ಇರಬೇಕು. ಒಂದರಲ್ಲಿ 9.2 ಸೆಂ.ಮೀ., ಇನ್ನೊಂದರಲ್ಲಿ 7.9 ಬಂದರೆ ಗಿಡ್ಡವಾಗಿರುವ ನೋಟವನ್ನು ಮತ್ತೆ ಹಿಡಿಯಬೇಕು. ವ್ಯತ್ಯಾಸ ಶೇ. 10 ದಾಟಿದರೆ ನಾವು ಮುಂದಕ್ಕೆ ಹೋಗುವುದಿಲ್ಲ.

“ಉಸಿರು ಎಳ್ಕೊಳ್ಳಿ… ಬಿಡಿ, ಪೂರ್ತಿ ಬಿಡಿ. ಹಾಗೇ ಹಿಡ್ಕೊಳ್ಳಿ.” ಹೃದಯ ವೈಫಲ್ಯದವರಿಗೆ ಉಸಿರು ಹಿಡಿಯುವುದು ಸುಲಭವಲ್ಲ. ಮೂರು ಬಡಿತ ಸಿಕ್ಕರೆ ಸಾಕು, ತಕ್ಷಣ ಉಸಿರಾಡಲು ಹೇಳಬೇಕು.

ಇನ್ನು ಗೆರೆ ಎಳೆಯುವುದು. ಎಡ ಹೃತ್ಕುಕ್ಷಿಗೆ ರಕ್ತ ಒಳಬರುವ ಬಾಗಿಲಾದ ಮಿಟ್ರಲ್ ಕವಾಟ ಆಗಷ್ಟೇ ಮುಚ್ಚಿದ ಚೌಕಟ್ಟನ್ನು ಪರದೆಯಲ್ಲಿ ನಿಲ್ಲಿಸುತ್ತೇವೆ. ಇಸಿಜಿಯಲ್ಲಿ ಅದು ಆರ್ ಅಲೆಯ ಆಸುಪಾಸು, ಕೋಣೆ ಅತಿ ದೊಡ್ಡದಿರುವ ಕ್ಷಣ. ಕವಾಟದ ಒಂದು ಬದಿಯ ಬುಡದಿಂದ ಹೊರಟು ಒಳಪದರದ ಗುಂಟ ತುದಿಯವರೆಗೆ ಹೋಗಿ ಇನ್ನೊಂದು ಬದಿಯ ಬುಡಕ್ಕೆ ಇಳಿಯಬೇಕು. ಹೃದಯದ ಒಳಗೋಡೆ ನುಣುಪಾದ ಸುಣ್ಣದ ಗೋಡೆಯಲ್ಲ. ಎಳೆ ಎಳೆಯಾದ ಸ್ನಾಯು, ನಡುವೆ ಎದ್ದು ನಿಂತ ಪ್ಯಾಪಿಲರಿ ಸ್ನಾಯು ಎಲ್ಲ ಇರುತ್ತವೆ. ಗೆರೆ ಇವುಗಳ ಒಳಗಿನಿಂದ ಹೋಗಬಾರದು. ಇವು ಕೋಣೆಯ ಭಾಗವೆಂದೇ ಲೆಕ್ಕ, ಗೆರೆ ಇವುಗಳ ಹೊರಗೆ, ಗಟ್ಟಿ ಸ್ನಾಯು ಶುರುವಾಗುವಲ್ಲಿ ಹೋಗಬೇಕು. ಒಬ್ಬರು ಎಳೆಗಳನ್ನು ಬಿಟ್ಟು ಒಳಗಡೆಯೇ ಗೆರೆ ಎಳೆದು, ಮುಂದಿನ ಸಲ ಇನ್ನೊಬ್ಬರು ಸರಿಯಾಗಿ ಹೊರಗಡೆ ಎಳೆದರೆ ಹೃದಯ 20 ಮಿ.ಲೀ. ಹಿಗ್ಗಿದಂತೆ ಕಾಣುತ್ತದೆ. ಆಮೇಲೆ ಕೋಣೆ ಅತಿ ಚಿಕ್ಕದಿರುವ ಚೌಕಟ್ಟಿನಲ್ಲೂ ಇದೇ ಕೆಲಸ. ಯಂತ್ರ ಆ ಆಕಾರವನ್ನು ಇಪ್ಪತ್ತು ಬಿಲ್ಲೆಗಳಾಗಿ ಸೀಳಿ ಒಂದೊಂದರ ಗಾತ್ರ ಕೂಡಿಸುತ್ತದೆ. ಎರಡೂ ನೋಟ ಸೇರಿಸಿ ಮಾಡುವ ಇದಕ್ಕೆ ಬೈಪ್ಲೇನ್ ಸಿಂಪ್ಸನ್ ವಿಧಾನ ಎನ್ನುತ್ತಾರೆ. ಗೋಡೆಯ ಎರಡು ಅಕ್ಕಪಕ್ಕದ ತುಂಡುಗಳು ಕಾಣದೇ ಇದ್ದರೆ ಊಹೆಯ ಮೇಲೆ ಗೆರೆ ಎಳೆಯಬಾರದು, ರಕ್ತನಾಳಕ್ಕೆ ಕಾಂಟ್ರಾಸ್ಟ್ ಕೊಟ್ಟು ಅಂಚು ಮೂಡಿಸಿಕೊಳ್ಳಬೇಕು.

ಬಡಿತದ ಆಯ್ಕೆಯೂ ಮುಖ್ಯ. ನಡುವೆ ಒಂದು ಅಕಾಲಿಕ ಬಡಿತ ಬಂದರೆ ಅದನ್ನೂ ಬಿಡಬೇಕು, ಅದರ ಹಿಂದೆಯೇ ಬರುವುದನ್ನೂ ಬಿಡಬೇಕು. ಆ ವಿರಾಮದಲ್ಲಿ ಹೃದಯ ಹೆಚ್ಚು ತುಂಬಿಕೊಂಡು, ಮುಂದಿನ ಬಡಿತ ಎಂದಿಗಿಂತ ಜೋರಾಗಿ ಹಿಂಡುತ್ತದೆ. ಏಟ್ರಿಯಲ್ ಫಿಬ್ರಿಲೇಷನ್ (ಬಡಿತದ ಲಯವೇ ತಪ್ಪುವ ತೊಂದರೆ) ಇರುವವರಲ್ಲಿ ಪ್ರತಿ ಬಡಿತವೂ ಬೇರೆ. ಐದರ ಸರಾಸರಿ ಬೇಕೇ ಬೇಕು.

ಈಗ ಫೈಲಿನಲ್ಲಿದ್ದ ಆ 40ರ ವಿಚಾರ. ಅದನ್ನು ಎಮ್-ಮೋಡ್‌ನಲ್ಲಿ ಅಳೆದಿದ್ದರು. ಹೃದಯದ ಅಡ್ಡಕ್ಕೆ ಒಂದೇ ಒಂದು ಗೆರೆ ಹಾಕಿ, ತುಂಬಿದಾಗ 62 ಮಿ.ಮೀ., ಹಿಂಡಿದಾಗ 50 ಮಿ.ಮೀ. ಎಂದು ಬರೆದುಕೊಂಡು, ಟೈಕ್‌ಹೋಲ್ಜ್ ಸೂತ್ರದಿಂದ ಯಂತ್ರ ಗಾತ್ರ ಊಹಿಸುತ್ತದೆ. 194 ಮತ್ತು 118 ಮಿ.ಲೀ. ಬರುತ್ತದೆ, ಇಎಫ್ 39. ಅದನ್ನೇ 40 ಎಂದು ಬರೆದಿದ್ದರು. ಹಿಂಡಿದಾಗಿನ ಅಳತೆಯಲ್ಲಿ ಕರ್ಸರ್ ಬರೀ 2 ಮಿ.ಮೀ. ಜರುಗಿ 48 ಆಗಿದ್ದರೆ ಅದೇ ಹೃದಯಕ್ಕೆ 45 ಬರುತ್ತಿತ್ತು. ಒಂದು ಗೆರೆಯನ್ನು ಮೂರರ ಘಾತಕ್ಕೆ ಏರಿಸುವುದರಿಂದ ತಪ್ಪೂ ಅಷ್ಟೇ ಬೆಳೆಯುತ್ತದೆ. ಹೃದಯಾಘಾತದಿಂದ ಒಂದು ಕಡೆಯ ಗೋಡೆ ಸತ್ತವರಲ್ಲಿ ಈ ವಿಧಾನ ಇನ್ನೂ ಅಪಾಯ: ಗೆರೆ ಹಾದ ಜಾಗ ಚೆನ್ನಾಗಿದ್ದರೆ ಇಡೀ ಹೃದಯ ಚೆನ್ನಾಗಿದೆ ಎಂದು ಹೇಳಿಬಿಡುತ್ತದೆ. ಜನಸಂದಣಿಯ ಕೇಂದ್ರಗಳಲ್ಲಿ ಎಮ್-ಮೋಡ್ ಬಳಸಲು ಕಾರಣ ಸಮಯ, ಅದು ಅರ್ಥವಾಗುತ್ತದೆ. ಆದರೆ ವಿಧಾನದ ಹೆಸರನ್ನಾದರೂ ರಿಪೋರ್ಟಿನಲ್ಲಿ ಬರೆಯಬೇಕು ಎಂಬುದು ನಮ್ಮ ಕಳಕಳಿಯ ಕೋರಿಕೆ. ‘30ರಿಂದ 35’ ಎಂದಿದ್ದು ಕಣ್ಣಂದಾಜು. ಪಳಗಿದ ಕಣ್ಣಿನ ಅಂದಾಜು ಕೆಟ್ಟ ಎಮ್-ಮೋಡ್‌ಗಿಂತ ಎಷ್ಟೋ ಮೇಲು, ಆದರೆ ಮಾತ್ರೆಯ ಫಲ ಹೋಲಿಸಲು ಅದೂ ಸಾಲದು.

ಸರಿಯಾಗಿ ಮಾಡಿದ ಸಿಂಪ್ಸನ್‌ನಲ್ಲೂ ಇಬ್ಬರು ಅಳೆದರೆ ಐದಾರು ಅಂಕ ಆಚೀಚೆ ಆಗುವುದು ಸಹಜ, ಕೆಲವೊಮ್ಮೆ ಹತ್ತರವರೆಗೂ. 28 ಇದ್ದದ್ದು 32 ಆಯಿತು ಎಂದರೆ ಏರಿತು ಎಂದು ನಾವು ಹೇಳುವುದಿಲ್ಲ. 32 ಇದ್ದದ್ದು 29 ಆಯಿತೆಂದು ಮಾತ್ರೆ ಬದಲಿಸಲೂ ಬಾರದು. ಅದೇ ಯಂತ್ರ, ಅದೇ ವಿಧಾನ, ಸಾಧ್ಯವಾದರೆ ಅದೇ ಕೈ. ಹಳೆಯ ಚಿತ್ರವನ್ನು ಪಕ್ಕದಲ್ಲೇ ತೆರೆದು ಹೋಲಿಸುವುದು. ಈ ಅಂತರವನ್ನು ಕುಗ್ಗಿಸಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ಚಿತ್ರ ಸ್ಪಷ್ಟವಿದ್ದವರಲ್ಲಿ 3ಡಿ ಎಕೋ ಇನ್ನೂ ನಂಬಿಕಸ್ತ, ಯಾಕೆಂದರೆ ಓರೆ ಕತ್ತರಿಸುವ ತಪ್ಪು ಅದರಲ್ಲಿ ಕಡಿಮೆ. ಎಂಆರ್‌ಐ ಎಲ್ಲಕ್ಕಿಂತ ನಿಖರ, ಸ್ನಾಯುವಿನಲ್ಲಿ ಕಲೆಗಟ್ಟಿದ ಭಾಗವನ್ನೂ ತೋರಿಸುತ್ತದೆ. ಆದರೆ ಪ್ರತಿ ಭೇಟಿಗೂ ಮಾಡಿಸುವ ಪರೀಕ್ಷೆ ಅದಲ್ಲ.

ಇಎಫ್ ಜೊತೆಗೆ ನಾವು ಬಿಡದೇ ಅಳೆಯುವುದು ಒಂದು ಬಡಿತಕ್ಕೆ ದೇಹದ ಮುಖ್ಯ ರಕ್ತನಾಳವಾದ ಅಯೋರ್ಟಾ ಕಡೆಗೆ ನಿಜವಾಗಿ ಹೋದ ರಕ್ತ. ಅಯೋರ್ಟಿಕ್ ಕವಾಟದ ಕೆಳಗಿನ ದಾರಿಯ ಅಗಲ 2.0 ಸೆಂ.ಮೀ., ಅಂದರೆ ಬಾಯಿಯ ವಿಸ್ತೀರ್ಣ 3.14 ಚದರ ಸೆಂ.ಮೀ. ಕವಾಟಕ್ಕೆ ಅರ್ಧ ಸೆಂಟಿಮೀಟರ್ ಕೆಳಗೆ ರಕ್ತದ ವೇಗ ಅಳೆಯುವ ಪಲ್ಸ್ ಡಾಪ್ಲರ್ ಇಟ್ಟು ಅಲೆಯ ಅಂಚು ಗುರುತಿಸಿದರೆ ಒಂದು ಬಡಿತಕ್ಕೆ ರಕ್ತ ಎಷ್ಟು ಸೆಂಟಿಮೀಟರ್ ಮುಂದೆ ಸಾಗಿತು ಎಂದು ಸಿಗುತ್ತದೆ. ಇದಕ್ಕೆ ವಿಟಿಐ ಎನ್ನುತ್ತೇವೆ. ಸಾಮಾನ್ಯವಾಗಿ 18ರಿಂದ 22 ಇರುವುದು ಇವರಲ್ಲಿ 12 ಇತ್ತು. ಗುಣಿಸಿದರೆ 38 ಮಿ.ಲೀ. ಆದರೆ ಹೃದಯ ಹಿಂಡಿದ್ದು 53. ಉಳಿದ 15 ಎಲ್ಲಿಗೆ ಹೋಯಿತು? ಹಿಗ್ಗಿದ ಹೃದಯದಲ್ಲಿ ಮಿಟ್ರಲ್ ಕವಾಟದ ಬಾಗಿಲುಗಳು ಕೂಡಿಕೊಳ್ಳದೆ ಹಿಂದಕ್ಕೆ ಸೋರಿತ್ತು. ಸೋರಿಕೆ ಇರುವವರಲ್ಲಿ ಇಎಫ್ ಹುಸಿಯಾಗಿ ಹೆಚ್ಚಿರುತ್ತದೆ, ಯಾಕೆಂದರೆ ಹಿಂದಕ್ಕೆ ಹೋದದ್ದನ್ನೂ ಅದು ಹೊರಟದ್ದೆಂದೇ ಎಣಿಸುತ್ತದೆ.

ಅಗಲ ಅಳೆಯುವಾಗ ಚಿತ್ರ ದೊಡ್ಡದು ಮಾಡಿಕೊಂಡೇ ಅಳೆಯಬೇಕು. ವರ್ಗ ಮಾಡುವ ಲೆಕ್ಕ ಇದು, 2.0 ಬದಲು 1.8 ಎಂದು ಹಾಕಿದರೆ ಉತ್ತರದಲ್ಲಿ ಐದರಲ್ಲಿ ಒಂದು ಪಾಲು ಹೋಯಿತು. ದೊಡ್ಡವರಲ್ಲಿ ಈ ಅಗಲ ಬದಲಾಗುವುದಿಲ್ಲ. ಹಾಗಾಗಿ ಮೊದಲ ಸಲ ಜಾಗ್ರತೆಯಿಂದ ಅಳೆದು, ಮುಂದಿನ ಸಲಗಳಲ್ಲಿ ಅದೇ ಅಂಕಿ ಇಟ್ಟುಕೊಂಡು ವಿಟಿಐ ಮಾತ್ರ ಹೋಲಿಸುತ್ತೇವೆ.

ಆ ಸೋರಿಕೆಯೇ ಇನ್ನೊಂದು ಉಪಕಾರ ಮಾಡುತ್ತದೆ. ಸೋರುವ ರಕ್ತದ ವೇಗ ಸೆಕೆಂಡಿಗೆ 1 ಮೀಟರಿನಿಂದ 3 ಮೀಟರಿಗೆ ಏರುವಾಗ ಹೃತ್ಕುಕ್ಷಿಯ ಒತ್ತಡ 32 ಮಿ.ಮೀ. ಪಾದರಸದಷ್ಟು ಏರಿರುತ್ತದೆ. ಅದಕ್ಕೆ ಹಿಡಿದ ಸಮಯದಿಂದ ಭಾಗಿಸಿದರೆ ಸ್ನಾಯು ಎಷ್ಟು ಚುರುಕಾಗಿ ಬಿಗಿಯಾಗುತ್ತದೆ ಎಂದು ತಿಳಿಯುತ್ತದೆ. ಇವರಲ್ಲಿ 46 ಮಿಲಿಸೆಕೆಂಡ್ ಹಿಡಿಯಿತು, ಅಂದರೆ ಸೆಕೆಂಡಿಗೆ ಸುಮಾರು 700 ಮಿ.ಮೀ. ಪಾದರಸ. ಒಳ್ಳೆಯ ಹೃದಯದಲ್ಲಿ ಇದು 1200ಕ್ಕಿಂತ ಮೇಲಿರುತ್ತದೆ. ಅಯೋರ್ಟಿಕ್ ಕವಾಟ ತೆರೆಯುವ ಮುಂಚಿನ ಅಳತೆಯಾದ್ದರಿಂದ ಬಿಪಿಯ ಪ್ರಭಾವ ಇದರ ಮೇಲೆ ಕಡಿಮೆ.

ಸ್ಟ್ರೈನ್ ಅಳತೆಯನ್ನೂ ಮಾಡಿದ್ದೆವು. ಹೃದಯದ ಸ್ನಾಯು ಉದ್ದಕ್ಕೆ ಎಷ್ಟು ಕುಗ್ಗುತ್ತದೆ ಎಂಬ ಶೇಕಡಾವಾರು. ಕುಗ್ಗುವುದರಿಂದ ಋಣ ಚಿಹ್ನೆ. ಸಾಮಾನ್ಯ ಸುಮಾರು –20, ಇವರದು –8. ಸೆಕೆಂಡಿಗೆ 50ರಿಂದ 80 ಚೌಕಟ್ಟು ಸಿಗುವಂತೆ ಚಿತ್ರದ ಅಗಲ, ಆಳ ಕಡಿಮೆ ಮಾಡಿಕೊಳ್ಳಬೇಕು. ಯಂತ್ರ ತಾನಾಗಿ ಹಾಕಿದ ಗುರುತು ಸ್ನಾಯುವಿನ ಜೊತೆ ಚಲಿಸುತ್ತಿದೆಯೇ ಎಂದು ಪ್ರತಿ ತುಂಡನ್ನೂ ಕಣ್ಣಿಟ್ಟು ನೋಡದೆ ಒಪ್ಪಿಕೊಳ್ಳಬಾರದು. ಒಂದು ಕಂಪನಿಯ ಯಂತ್ರದ ಸ್ಟ್ರೈನನ್ನು ಇನ್ನೊಂದರ ಜೊತೆ ಹೋಲಿಸುವುದೂ ಬೇಡ.

ಮಾತ್ರೆಗಳು ನಾಲ್ಕು ಬಗೆ. ಬೀಟಾ ಬ್ಲಾಕರ್ ಆಗಿ ಕಾರ್ವೆಡಿಲಾಲ್ 3.125 ಮಿ.ಗ್ರಾಂ. ದಿನಕ್ಕೆರಡು ಸಲ, ಸಕ್ಯುಬಿಟ್ರಿಲ್-ವಾಲ್ಸಾರ್ಟನ್ 50 ಮಿ.ಗ್ರಾಂ. ಎರಡು ಸಲ, ಸ್ಪೈರೊನೊಲ್ಯಾಕ್ಟೋನ್ 25, ಡಾಪಾಗ್ಲಿಫ್ಲೋಜಿನ್ 10. ಊತಕ್ಕೆ ನೀರಿನ ಮಾತ್ರೆ ಟಾರ್ಸೆಮೈಡ್ ಬೇರೆ. ಮೊದಲು ಎನಾಲಾಪ್ರಿಲ್ ತೆಗೆದುಕೊಳ್ಳುತ್ತಿದ್ದರು, ಅದನ್ನು ನಿಲ್ಲಿಸಿ 36 ಗಂಟೆ ಕಳೆದ ಮೇಲೆ ಸಕ್ಯುಬಿಟ್ರಿಲ್ ಶುರು. ಎರಡೂ ಒಟ್ಟಿಗೆ ಹೊಟ್ಟೆಗೆ ಹೋದರೆ ಮುಖ, ನಾಲಿಗೆ, ಗಂಟಲು ಊದುವ ಅಪಾಯ ಇದೆ. ಹಳೆಯ ಸ್ಟ್ರಿಪ್ ಮನೆಯಲ್ಲಿ ಉಳಿದಿದ್ದರೆ ಎಸೆಯಲು ಹೇಳಬೇಕು. ಉಳಿದದ್ದನ್ನು ಮುಗಿಸಿಬಿಡೋಣ ಎನ್ನುವುದು ಎಲ್ಲರ ಮನೆಯ ಅಭ್ಯಾಸ.

ಶುರು ಮಾಡಿದ ಎರಡನೇ ವಾರಕ್ಕೇ ‘ಒಂದು ಎಕೋ ನೋಡಿಬಿಡೋಣ’ ಎನ್ನುವವರಿಗೆ ಬೇಡ ಎನ್ನುತ್ತೇವೆ. ಬೀಟಾ ಬ್ಲಾಕರ್ ಮೊದಲ ದಿನಗಳಲ್ಲಿ ಹೃದಯದ ಬಿರುಸನ್ನು ತಗ್ಗಿಸುತ್ತದೆ. ಆಗ ಅಳೆದರೆ ಇಎಫ್ ಇಳಿದಿರಲೂಬಹುದು. ಸೋತ ಹೃದಯಕ್ಕೆ ಈ ಮಾತ್ರೆ ಕೊಡಲೇಬಾರದು ಎಂದು ಒಂದು ಕಾಲದಲ್ಲಿ ವೈದ್ಯರೇ ನಂಬಿದ್ದರು. 1975ರಲ್ಲಿ ಸ್ವೀಡನ್ನಿನ ಫಿನ್ ವಾಗ್‌ಸ್ಟೈನ್ ಮತ್ತು ಸಂಗಡಿಗರು ಏಳು ರೋಗಿಗಳಿಗೆ ಕೊಟ್ಟು ಸುಧಾರಣೆ ತೋರಿಸಿದರು. ಎಲ್ಲರೂ ಒಪ್ಪುವಷ್ಟರಲ್ಲಿ ಇಪ್ಪತ್ತು ವರ್ಷವೇ ಹಿಡಿಯಿತು. ಸ್ನಾಯು ಮರಳಿ ಕುಗ್ಗಿ ಆಕಾರಕ್ಕೆ ಬರಲು ತಿಂಗಳುಗಳು ಬೇಕು. ಹೊಸ ತೊಂದರೆ ಏನೂ ಇಲ್ಲದಿದ್ದರೆ ಮೂರು ತಿಂಗಳಿಗೆ ಮುಂಚೆ ಎಕೋ ಮಾಡಿ ಸಿಗುವುದು ಗೊಂದಲವೇ.

ಈ ಮೂರು ತಿಂಗಳಲ್ಲಿ ಎಕೋಗಿಂತ ರಕ್ತ ಪರೀಕ್ಷೆ ಮುಖ್ಯ. ಸ್ಪೈರೊನೊಲ್ಯಾಕ್ಟೋನ್, ಸಕ್ಯುಬಿಟ್ರಿಲ್-ವಾಲ್ಸಾರ್ಟನ್ ಎರಡೂ ಪೊಟ್ಯಾಸಿಯಂ ಏರಿಸುತ್ತವೆ. ಒಂದು ವಾರಕ್ಕೆ, ಮತ್ತೆ ನಾಲ್ಕು ವಾರಕ್ಕೆ, ಡೋಸ್ ಏರಿಸಿದಾಗಲೆಲ್ಲ ಪೊಟ್ಯಾಸಿಯಂ, ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್ ನೋಡಬೇಕು. ಪೊಟ್ಯಾಸಿಯಂ 5.5 ದಾಟಿದರೆ ಸ್ಪೈರೊನೊಲ್ಯಾಕ್ಟೋನ್ ಅರ್ಧಕ್ಕಿಳಿಸುವುದು, 6 ದಾಟಿದರೆ ನಿಲ್ಲಿಸುವುದು ರೂಢಿ. ಬೆಂಗಳೂರಿನಲ್ಲಿ ಏಪ್ರಿಲ್ ಬಂತೆಂದರೆ ಎಲ್ಲ ರಸ್ತೆ ತಿರುವಿನಲ್ಲೂ ಎಳನೀರು ಗಾಡಿ. ಆರೋಗ್ಯಕ್ಕೆ ಒಳ್ಳೆಯದೆಂದು ಮನೆಯವರು ಪ್ರೀತಿಯಿಂದ ದಿನಕ್ಕೆರಡು ಕುಡಿಸುತ್ತಾರೆ. ಅದರ ತುಂಬ ಪೊಟ್ಯಾಸಿಯಂ. ಸೋಡಿಯಂ ಕಡಿಮೆ ಇರುವ ಉಪ್ಪು ಎಂದು ಅಂಗಡಿಯಲ್ಲಿ ಸಿಗುವುದರಲ್ಲೂ ಸೋಡಿಯಂ ಬದಲಿಗೆ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಇವೆರಡನ್ನೂ ನಾವು ಹೆಸರು ಹಿಡಿದೇ ಕೇಳುತ್ತೇವೆ, ‘ಪಥ್ಯ ಮಾಡ್ತಿದೀರಾ’ ಎಂದರೆ ಎಲ್ಲರೂ ಹೂಂ ಎನ್ನುತ್ತಾರೆ. ಮಂಡಿನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಡೈಕ್ಲೋಫೆನಾಕ್ ಬಗ್ಗೆಯೂ ಹಾಗೆಯೇ ಕೇಳಬೇಕು. ಅದು ಉಪ್ಪುನೀರನ್ನು ದೇಹದಲ್ಲೇ ಹಿಡಿದಿಟ್ಟು ಮೂತ್ರಪಿಂಡವನ್ನು ಸೋಲಿಸುತ್ತದೆ. ಒಂದು ವಾರ ನುಂಗಿದರೆ ತಿಂಗಳ ಗಳಿಕೆ ಹೋಯಿತು. ಏಕಾದಶಿ, ಶಿವರಾತ್ರಿಯ ಪೂರ್ತಿ ಉಪವಾಸ ಮಾಡುವವರು ಡಾಪಾಗ್ಲಿಫ್ಲೋಜಿನ್ ವಿಷಯ ಮೊದಲೇ ವೈದ್ಯರಲ್ಲಿ ಹೇಳಿರಬೇಕು.

ಬಿಎನ್‌ಪಿ ಪರೀಕ್ಷೆಯಲ್ಲಿ, ಅಂದರೆ ಹೃದಯದ ಗೋಡೆ ಹಿಗ್ಗಿದಾಗ ರಕ್ತದಲ್ಲಿ ಏರುವ ವಸ್ತುವಿನ ಅಳತೆಯಲ್ಲಿ, ಒಂದು ಬಲೆ ಇದೆ. ಸಕ್ಯುಬಿಟ್ರಿಲ್ ತಡೆಯುವ ನೆಪ್ರಿಲೈಸಿನ್ ಎಂಬ ಕಿಣ್ವವೇ ಬಿಎನ್‌ಪಿಯನ್ನು ಒಡೆಯುವುದು. ಮಾತ್ರೆ ಶುರುವಾದ ಮೇಲೆ ಬಿಎನ್‌ಪಿ ಒಡೆಯದೇ ಉಳಿದು ಅಂಕಿ ಏರಬಹುದು, ರೋಗಿ ಸುಧಾರಿಸುತ್ತಿದ್ದರೂ. ಅದರ ಜೊತೆಗೇ ಹುಟ್ಟುವ ಎನ್‌ಟಿ-ಪ್ರೊಬಿಎನ್‌ಪಿಯನ್ನು ಈ ಕಿಣ್ವ ಮುಟ್ಟುವುದಿಲ್ಲ. ಈ ಮಾತ್ರೆಯಲ್ಲಿರುವವರಿಗೆ ಎರಡನೆಯದನ್ನೇ ಬರೆಯಬೇಕು, ಲ್ಯಾಬಿನಲ್ಲೂ ಅದನ್ನೇ ಮಾಡಿದ್ದಾರೆಯೇ ಎಂದು ಕಾಗದ ನೋಡಿಕೊಳ್ಳಬೇಕು.

ಮೂರು ತಿಂಗಳು ತುಂಬಿದಾಗ ಕಾರ್ವೆಡಿಲಾಲ್ 12.5, ಸಕ್ಯುಬಿಟ್ರಿಲ್-ವಾಲ್ಸಾರ್ಟನ್ 100ಕ್ಕೆ ಏರಿತ್ತು. ಬಿಪಿ 104/68, ಬಡಿತ 68. ಅದೇ ಯಂತ್ರದಲ್ಲಿ ಹಳೆಯ ಚಿತ್ರ ಪಕ್ಕಕ್ಕಿಟ್ಟು ಅಳೆದೆವು. ತುಂಬಿದಾಗ 168, ಉಳಿಕೆ 107, ಇಎಫ್ 36. ಎಂಟು ಅಂಕದ ಏರಿಕೆ ಒಂದನ್ನೇ ನೋಡಿದರೆ ಇನ್ನೂ ಅನುಮಾನದ ಗಡಿಯಲ್ಲಿದೆ. ಆದರೆ ಉಳಿಕೆ 137ರಿಂದ 107ಕ್ಕೆ, ಅಂದರೆ ಶೇ. 22ರಷ್ಟು ಇಳಿದಿದೆ, ಸೋರಿಕೆ ತಗ್ಗಿದೆ, ವಿಟಿಐ 12ರಿಂದ 15ಕ್ಕೆ ಬಂದಿದೆ. ಎಲ್ಲ ಅಳತೆಗಳೂ ಒಂದೇ ದಿಕ್ಕಿಗೆ ಕೈ ತೋರಿಸಿದಾಗ ಸುಧಾರಣೆ ನಿಜ ಎಂದು ಬರೆಯುತ್ತೇವೆ.

ಇಲ್ಲೊಂದು ಮಾತು. ಬಡಿತಕ್ಕೆ 38 ಮಿ.ಲೀ. ಇದ್ದದ್ದು 47 ಆಯಿತು. ಆದರೆ ನಿಮಿಷದ ಲೆಕ್ಕ? ಮೊದಲು 96 ಬಡಿತಕ್ಕೆ 3.6 ಲೀಟರ್, ಈಗ 68ಕ್ಕೆ 3.2. ಕಡಿಮೆಯಾಯಿತಲ್ಲ ಎಂದು ಗಾಬರಿ ಬೇಡ. ಮೊದಲು ಹೃದಯ ಓಡಿ ಓಡಿ ಅಷ್ಟು ರಕ್ತ ಕೊಡುತ್ತಿತ್ತು, ಈಗ ನಡೆದುಕೊಂಡೇ ಸುಮಾರು ಅಷ್ಟನ್ನು ಕೊಡುತ್ತಿದೆ. ಕೈಕಾಲು ಬೆಚ್ಚಗಿದ್ದು, ತಲೆ ತಿರುಗದೆ, ಕ್ರಿಯಾಟಿನಿನ್ ಏರದೆ, ಮೊದಲಿಗಿಂತ ಹೆಚ್ಚು ದೂರ ನಡೆಯುತ್ತಿದ್ದರೆ ಆ ರಕ್ತ ದೇಹಕ್ಕೆ ಸಾಕಾಗಿದೆ ಎಂದೇ ಅರ್ಥ.

ಬಿಪಿ ಇಳಿದದ್ದರಿಂದಲೇ ಇಎಫ್ ಏರಿತೇ ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು. ತಳ್ಳಬೇಕಾದ ಭಾರ ಕಡಿಮೆಯಾದರೆ ಸೋತ ಸ್ನಾಯುವೂ ಹೆಚ್ಚು ಹಿಂಡುತ್ತದೆ. ಒರಟು ಲೆಕ್ಕವೊಂದಿದೆ: ಮೇಲಿನ ಬಿಪಿಯ ಶೇ. 90ನ್ನು ಉಳಿಕೆಯಿಂದ ಭಾಗಿಸುವುದು. ಮೊದಲ ದಿನ 0.78, ಮೂರು ತಿಂಗಳಿಗೆ 0.87. ಅಂದರೆ ಆ ಹೊತ್ತಿನ ಏರಿಕೆಯಲ್ಲಿ ಭಾರ ಇಳಿದದ್ದರ ಪಾಲು ಸಾಕಷ್ಟಿತ್ತು, ಸ್ನಾಯುವಿನ ಸ್ವಂತ ಬಲ ಆಗಷ್ಟೇ ಚಿಗುರುತ್ತಿತ್ತು.

36 ಎನ್ನುವ ಅಂಕಿ ಇನ್ನೊಂದು ಕಾರಣಕ್ಕೆ ಸೂಕ್ಷ್ಮ. ಸರಿಯಾದ ಡೋಸಿನಲ್ಲಿ ಕನಿಷ್ಠ ಮೂರು ತಿಂಗಳು ಮಾತ್ರೆ ನಡೆದ ಮೇಲೂ ಇಎಫ್ 35 ಅಥವಾ ಅದಕ್ಕಿಂತ ಕಡಿಮೆ ಉಳಿದರೆ, ಹಠಾತ್ ಸಾವು ತಡೆಯುವ ಐಸಿಡಿ ಎಂಬ ಪುಟ್ಟ ಯಂತ್ರವನ್ನು ಎದೆಯಲ್ಲಿ ಅಳವಡಿಸುವ ಮಾತು ಬರುತ್ತದೆ. 34 ಬಂದರೆ ಯಂತ್ರ, 36 ಬಂದರೆ ಬೇಡ ಎಂದು ಒಂದೇ ಅಳತೆಯ ಮೇಲೆ ತೀರ್ಮಾನಿಸುವುದು ನಮಗೆ ಸರಿಕಾಣುವುದಿಲ್ಲ. ಅಳತೆಯ ಆಚೀಚೆಯೇ ಅದಕ್ಕಿಂತ ದೊಡ್ಡದು. ಮೂರು ತಿಂಗಳು ಎಣಿಸುವುದೂ ಮೊದಲ ಮಾತ್ರೆಯ ದಿನದಿಂದಲ್ಲ, ತಡೆದುಕೊಳ್ಳುವ ಗರಿಷ್ಠ ಡೋಸ್ ಮುಟ್ಟಿದ ಮೇಲೆ. ಇವರಿಗೆ ಇನ್ನೂ ಅರ್ಧ ಡೋಸು. ಕಾದು ಆರನೇ ತಿಂಗಳಿಗೆ ಮತ್ತೆ ಅಳೆದಾಗ ತುಂಬಿದಾಗಿನದು 150, ಉಳಿಕೆ 89, ಇಎಫ್ 41. ಐಸಿಡಿ ಮಾತು ಅಲ್ಲಿಗೆ ನಿಂತಿತು.

ಹನ್ನೆರಡನೇ ತಿಂಗಳು. ಕಾರ್ವೆಡಿಲಾಲ್ ಪೂರ್ತಿ 25ಕ್ಕೆ ಏರಿತ್ತು. ಸಕ್ಯುಬಿಟ್ರಿಲ್-ವಾಲ್ಸಾರ್ಟನ್ 200 ಕೊಟ್ಟಾಗ ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತಿದ್ದರಿಂದ 100ಕ್ಕೇ ಮರಳಿದರು. ಬಿಪಿ 110/70, ಬಡಿತ 64. ತುಂಬಿದಾಗ 132, ಉಳಿಕೆ 71, ಇಎಫ್ 46, ವಿಟಿಐ 18. ನಿಮಿಷಕ್ಕೆ ಮತ್ತೆ 3.6 ಲೀಟರ್, ಆದರೆ ಮೂರರಲ್ಲಿ ಎರಡು ಪಾಲು ಬಡಿತದಲ್ಲೇ. ಆ ಒರಟು ಲೆಕ್ಕ ಈಗ 1.39. ಬಿಪಿ ಮೂರನೇ ತಿಂಗಳಿಗಿಂತ ಸ್ವಲ್ಪ ಏರಿದ್ದರೂ ಉಳಿಕೆ ಇಳಿದಿದೆ. ಇದು ಸ್ನಾಯುವಿನದೇ ಗಳಿಕೆ.

ಮೊದಲು 40 ಅಥವಾ ಕಡಿಮೆ ಇದ್ದು, ಹತ್ತು ಅಂಕವಾದರೂ ಏರಿ, ಈಗ 40 ದಾಟಿದ್ದರೆ ಅದನ್ನು ‘ಸುಧಾರಿಸಿದ ಇಎಫ್‌ನ ಹೃದಯ ವೈಫಲ್ಯ’ ಎಂದು 2021ರ ಅಂತರರಾಷ್ಟ್ರೀಯ ವ್ಯಾಖ್ಯೆ ಕರೆಯುತ್ತದೆ. ಹೆಸರಿನಲ್ಲಿ ಹೃದಯ ವೈಫಲ್ಯ ಹಾಗೇ ಉಳಿದಿದೆ, ಬೇಕೆಂದೇ ಉಳಿಸಿದ್ದಾರೆ. “ನಾರ್ಮಲ್ ಆಯ್ತಲ್ಲ ಸರ್, ಇನ್ನು ಮಾತ್ರೆ ನಿಲ್ಲಿಸಬಹುದಾ?” ಎಂದು ಮಗ ಕೇಳಿದಾಗ ನಾವು ಪರದೆಯ ಮೇಲೆ ಸ್ಟ್ರೈನ್ ಚಿತ್ರ ತೋರಿಸಿದೆವು. –8 ಇದ್ದದ್ದು –14 ಆಗಿದೆ, –20ರ ಹತ್ತಿರ ಬಂದಿಲ್ಲ. ಗೋಡೆಯ ಬುಡದ ತುಂಡುಗಳು ಇನ್ನೂ ಮಸುಕು ಬಣ್ಣದಲ್ಲೇ ಇವೆ. ಮೈಯಳತೆಗೆ ಹೊಂದಿಸಿದರೆ ಕೋಣೆಯ ಗಾತ್ರ ಚದರ ಮೀಟರಿಗೆ 77 ಮಿ.ಲೀ., ಗಂಡಸರ ಮೇಲಿನ ಮಿತಿ 74. ಲಂಡನ್ನಿನಲ್ಲಿ ನಡೆದ ಟ್ರೆಡ್-ಎಚ್‌ಎಫ್ ಅಧ್ಯಯನದಲ್ಲಿ ಇವರಿಗಿಂತ ಚೆನ್ನಾಗಿ ಚೇತರಿಸಿಕೊಂಡವರೇ ಇದ್ದರು. ಇಎಫ್ 50 ದಾಟಿತ್ತು, ಕೋಣೆಯ ಗಾತ್ರ ಸಾಮಾನ್ಯವಾಗಿತ್ತು. ಅಂಥವರ ಮಾತ್ರೆಗಳನ್ನು ಹಂತಹಂತವಾಗಿ ನಿಲ್ಲಿಸಿ ನೋಡಿದಾಗ ಆರು ತಿಂಗಳೊಳಗೆ ಶೇ. 44 ಮಂದಿಯಲ್ಲಿ ಹೃದಯ ಮತ್ತೆ ಸೋತಿತು. 2018ರಲ್ಲಿ ಬಂದ ಫಲಿತಾಂಶ ಅದು.

ನೀರಿನ ಮಾತ್ರೆಯನ್ನು ಮಾತ್ರ ವೈದ್ಯರು ಅರ್ಧಕ್ಕಿಳಿಸಿದರು. ಊತ ಇಲ್ಲದಾಗ ಅದು ಬಿಪಿ ಇಳಿಸಿ ಬೇರೆ ಮಾತ್ರೆಗಳ ಜಾಗ ತಿನ್ನುತ್ತದೆ. ಮನೆಯಲ್ಲಿ ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮುಂಚೆ ತೂಕ ಬರೆಯುವುದು ಮುಂದುವರಿಯುತ್ತದೆ. ಮೂರು ದಿನದಲ್ಲಿ ಎರಡು ಕೆ.ಜಿ. ಏರಿದರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಫೋನ್ ಮಾಡಬೇಕು. ರಿಪೋರ್ಟಿನ ಕೊನೆಗೆ ವಿಧಾನ, ಯಂತ್ರ, ಬಿಪಿ, ಬಡಿತ, ಲಯ, ತೂಕ, ಅವತ್ತಿನ ಡೋಸುಗಳು, ‘ಹಿಂದಿನ ಮೂರು ಚಿತ್ರಗಳ ಜೊತೆ ಹೋಲಿಸಿ ಅಳೆಯಲಾಗಿದೆ’ ಎಂಬ ಸಾಲು ಬರೆದು, ಚಲಿಸುವ ಚಿತ್ರಗಳನ್ನು ಪೆನ್ ಡ್ರೈವಿಗೆ ಹಾಕಿ ಮಗನ ಕೈಗೆ ಕೊಟ್ಟೆವು. ಮುಂದೆ ಬೇರೆ ಕಡೆ ಎಕೋ ಮಾಡಿಸಬೇಕಾಗಿ ಬಂದರೆ ಕಾಗದದ ಜೊತೆ ಅದನ್ನೂ ಕೊಂಡೊಯ್ಯಲಿ ಎಂದು.